ಅಂಗಡಿಯ ಹಿಂದಿನ ಪಾಠಶಾಲೆ

ಹೆಬ್ಬೆಟ್ಟು ಒತ್ತುವವನ ಸಂಕಟವೇನೆಂಬುದನ್ನು ನಮ್ಮ ನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಾಲದ ಪತ್ರಕ್ಕೆ, ಹೊಲದ ಕ್ರಯಪತ್ರಕ್ಕೆ, ಕೊನೆಗೆ ಹೊಟ್ಟೆಯಲ್ಲಿ ಹುಟ್ಟಿದ ಮಗ ಕಳಿಸಿದ ಮನಿಯಾರ್ಡರಿಗೂ ಮಸಿ ಹತ್ತಿದ ಬೆರಳನ್ನೇ ಮುಂದೆ ಮಾಡಬೇಕಾದ ಮನುಷ್ಯ, ತಾನು ಒಪ್ಪಿಕೊಂಡದ್ದು ಏನೆಂಬುದನ್ನು ಇನ್ನೊಬ್ಬರ ಬಾಯಿಂದಲೇ ತಿಳಿಯಬೇಕು. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಹೆಬ್ಬೆಟ್ಟಿಗೆ ಬದಲಾಗಿ ಕಾಗದದ ಮೇಲೆ ಒಂದು ಕತ್ತರಿ ಗುರುತು ಹಾಕುವ ರೂಢಿಯಿತ್ತು. ಗುರುತು ಯಾವುದಾದರೇನು, ಅದರ ಹಿಂದಿನ ಅಸಹಾಯಕತೆ ಒಂದೇ. ಆದರೆ ಅಲ್ಲಿನ ಕಪ್ಪು ಜನರ ಪಾಲಿಗೆ ಇದರ ಮೇಲೆ ಇನ್ನೊಂದು ದಂಡವೂ ಬಿದ್ದಿತ್ತು: ಓದಲು ಬಾರದವನಿಗೆ ಮತವಿಲ್ಲ.

ಈ ನ್ಯಾಯದ ವಿಕಟತೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದಕ್ಷಿಣ ಕ್ಯಾರೊಲೈನಾ ಸಂಸ್ಥಾನ 1834ರಲ್ಲಿ ಒಂದು ಕಾಯಿದೆ ಮಾಡಿ, ಗುಲಾಮರಿಗೆ ಓದುಬರಹ ಕಲಿಸುವುದೇ ಅಪರಾಧವೆಂದು ಸಾರಿತು. ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ಅಳಿಯಿತು. ಬಣ್ಣದ ಕಾರಣದಿಂದ ಯಾರ ಮತವನ್ನೂ ಕಸಿಯಕೂಡದೆಂದು 1870ರಲ್ಲಿ ದೇಶದ ಸಂವಿಧಾನಕ್ಕೆ ತಿದ್ದುಪಡಿಯೂ ಆಯಿತು. ಅದಾದ ಮೇಲೆ ಅದೇ ಸಂಸ್ಥಾನ 1895ರಲ್ಲಿ ತನ್ನ ಸಂವಿಧಾನವನ್ನು ಹೊಸದಾಗಿ ಬರೆದುಕೊಂಡು, ಮತದಾರನಾಗಬೇಕೆನ್ನುವವನು ಅದರ ಭಾಗವೊಂದನ್ನು ಓದಿ ಬರೆದು ತೋರಿಸಬೇಕು, ಇಲ್ಲವೆ 300 ಡಾಲರ್ ಬೆಲೆಯ ಆಸ್ತಿಗೆ ತೆರಿಗೆ ಕಟ್ಟಿರಬೇಕು ಎಂದು ವಿಧಿಸಿತು. ಅಜ್ಜನಿಗೆ ಅಕ್ಷರ ಕಲಿಸಿದವನಿಗೆ ಶಿಕ್ಷೆ. ಅಕ್ಷರ ಬಾರದ ಮೊಮ್ಮಗನಿಗೂ ಶಿಕ್ಷೆ. ಆ ವಿಧಿಯಲ್ಲಿ ಬಣ್ಣದ ಹೆಸರೇ ಇಲ್ಲ. ಕೆಲಸ ಮಾತ್ರ ಬಣ್ಣ ನೋಡಿಯೇ ನಡೆಯುತ್ತಿತ್ತು. ಓದಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಅಧಿಕಾರಿ ಬಿಳಿಯನೇ ಆಗಿರುತ್ತಿದ್ದನು.

ಈ ಸಂಸ್ಥಾನದ ಚಾರ್ಲ್ಸ್‌ಟನ್ ನಗರದ ಬಳಿ, ಸಮುದ್ರದಂಚಿನಲ್ಲಿ, ಜಾನ್ಸ್ ದ್ವೀಪವೆಂಬ ವಿಸ್ತಾರವಾದ ತಗ್ಗುನೆಲವುಂಟು. ಹತ್ತಿಯ ತೋಟಗಳಲ್ಲಿ ದುಡಿಯಲೆಂದು ತಂದ ಗುಲಾಮರ ಸಂತತಿ ಅಲ್ಲಿಯೇ ನೆಲೆನಿಂತು, ತಲೆಮಾರುಗಳ ಕಾಲ ಹೊರಗಿನವರ ಸಂಪರ್ಕ ಹೆಚ್ಚಾಗಿಲ್ಲದೆ ಬಾಳಿತು. ಅವರ ಮಾತು ಗಲ್ಲಾ. ಇಂಗ್ಲಿಷಿನ ಪದಗಳಿಗೆ ಪಶ್ಚಿಮ ಆಫ್ರಿಕದ ಭಾಷೆಗಳ ಜಾಡು ಸೇರಿ ಆದದ್ದು. ಆದುದರಿಂದ ದ್ವೀಪದ ರೈತನಿಗೆ ಸಂಸ್ಥಾನದ ಸಂವಿಧಾನವೆಂದರೆ ಬಾರದ ಲಿಪಿ ಮಾತ್ರವಲ್ಲ, ಅರ್ಧ ಪರಕೀಯವಾದ ಭಾಷೆಯೂ ಹೌದು. ಹಳ್ಳಿಯ ಆಡುನುಡಿಯವನ ಮುಂದೆ ಕಚೇರಿಯ ಕನ್ನಡವನ್ನು ಓದಿದಾಗ ಅವನ ಮುಖ ಹೇಗಿರುತ್ತದೆಂಬುದನ್ನು ಬಲ್ಲವರಿಗೆ ಈ ಮಾತು ಅರ್ಥವಾದೀತು.

ಆ ದ್ವೀಪದಲ್ಲಿ 1910ರಲ್ಲಿ ಹುಟ್ಟಿದ ಈಸಾ ಜೆಂಕಿನ್ಸ್ ಎಂಬವರು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವರು. ಆದರೆ ಕಲಿಯುವುದನ್ನು ಬಿಟ್ಟವರಲ್ಲ. ಚಾರ್ಲ್ಸ್‌ಟನ್ನಿನ ತರಕಾರಿ ವ್ಯಾಪಾರಿಗಳಲ್ಲಿ ಬಹುಮಂದಿ ಗ್ರೀಕರೆಂಬುದನ್ನು ಕಂಡು, ತಮ್ಮ ಹೊಲದ ಬೆಳೆಗೆ ಸರಿಯಾದ ಬೆಲೆ ಕುದುರಿಸಲೆಂದು ಗ್ರೀಕ್ ಮಾತನ್ನು ಪಾಠ ಹೇಳಿಸಿಕೊಂಡು ಕಲಿತರು. ಇಂಥ ಮನುಷ್ಯ ಒಂದು ಬಸ್ಸನ್ನು ಕೊಂಡು, ದ್ವೀಪದವರನ್ನು ಬೆಳಗ್ಗೆ ನಗರದ ಕೆಲಸಗಳಿಗೆ ಕರೆದೊಯ್ದು ಸಂಜೆ ಹಿಂದಕ್ಕೆ ತರತೊಡಗಿದರು. ದಾರಿ ದೂರ, ಪ್ರಯಾಣಿಕರು ದಿನವೂ ಅವರೇ. ಆಲಿಸ್ ವೈನ್ ಎಂಬ ಹೆಂಗಸು ಒಂದು ದಿನ, ತಾನು ಹೆಚ್ಚು ಓದಿದವಳಲ್ಲ, ಮತದಾರಳಾಗಲು ಸಹಾಯ ಮಾಡುವಿರಾ ಎಂದು ಕೇಳಿದರು. ಜೆಂಕಿನ್ಸ್ ಸಂವಿಧಾನದ ಆ ಭಾಗವನ್ನು ಪ್ರತಿ ಮಾಡಿಸಿ ಪ್ರಯಾಣಿಕರಿಗೆಲ್ಲ ಹಂಚಿದರು, ಬಸ್ಸೇ ಪಾಠಶಾಲೆಯಾಯಿತು. ಆಲಿಸ್ ವೈನ್ ಅದನ್ನು ಕೇಳಿ ಕೇಳಿ ಪೂರ್ತಿ ಬಾಯಿಪಾಠ ಮಾಡಿ, ಕಚೇರಿಯಲ್ಲಿ ಒಪ್ಪಿಸಿ, ಮತದಾರರ ಪಟ್ಟಿಗೆ ಹೆಸರು ಹಚ್ಚಿಸಿಕೊಂಡು ಬಂದರು.

ಕತೆ ಅಲ್ಲಿಗೇ ಮುಗಿದಿದ್ದರೆ ಜಾಣತನದ ಒಂದು ಪ್ರಸಂಗವಾಗಿ ಉಳಿಯುತ್ತಿತ್ತು. ಆದರೆ ಆಕೆಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಒಪ್ಪಿಸಿದ್ದು ಬೇರೆ, ಓದಿದ್ದು ಬೇರೆ ಎಂಬುದು ಆಕೆಗೆ ಗೊತ್ತಿತ್ತು. ನಿಜವಾಗಿ ಓದುವುದನ್ನು ಕಲಿಯಬೇಕೆಂದು ಹಟ ಹಿಡಿದರು. ಬಾಯಿಪಾಠವನ್ನೇ ವಿದ್ಯೆಯೆಂದು ಎಷ್ಟೋ ಸಲ ನಂಬುವ ನಾವು ಈ ಹೆಂಗಸಿನ ಅತೃಪ್ತಿಯ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಜೆಂಕಿನ್ಸರಿಗೆ ಬೆಂಬಲವಾಗಿ ನಿಂತವರು ಸೆಪ್ಟಿಮಾ ಪಾಯಿನ್ಸೆಟ್ ಕ್ಲಾರ್ಕ್. 1898ರಲ್ಲಿ ಚಾರ್ಲ್ಸ್‌ಟನ್ನಿನಲ್ಲಿ ಹುಟ್ಟಿದ ಈಕೆಯ ತಂದೆ ಗುಲಾಮನಾಗಿಯೇ ಹುಟ್ಟಿದವರು. ನಮ್ಮ ಬೆಂಗಳೂರಿನ ತೋಟಗಳಲ್ಲಿ ಚಳಿಗಾಲ ಬಂದಾಗ ಕೆಂಪೇರುವ ಪಾಯಿನ್ಸೆಟಿಯಾ ಗಿಡ ಯಾರ ಹೆಸರನ್ನು ಹೊತ್ತಿದೆಯೋ, ಆ ಜೋಯೆಲ್ ಪಾಯಿನ್ಸೆಟ್ ಎಂಬ ದೊಡ್ಡ ಮನುಷ್ಯನೇ ಅವರ ಒಡೆಯ. ಮನೆತನದ ಹೆಸರೂ ಅಲ್ಲಿಂದಲೇ ಬಂದದ್ದು. ಗಿಡಕ್ಕೂ ಗುಲಾಮನಿಗೂ ಒಬ್ಬನೇ ಹೆಸರಿಟ್ಟ ಈ ವಿಚಿತ್ರವನ್ನು ನಾನು ತಿಳಿದ ಮೇಲೆ ಆ ಹೂವನ್ನು ಮೊದಲಿನ ಕಣ್ಣಿನಿಂದ ನೋಡಲಾಗಿಲ್ಲ.

ಹದಿನೆಂಟು ವರ್ಷದ ಸೆಪ್ಟಿಮಾ 1916ರಲ್ಲಿ ಉಪಾಧ್ಯಾಯಿನಿಯಾಗಿ ಮೊದಲು ಹೋದದ್ದು ಜಾನ್ಸ್ ದ್ವೀಪಕ್ಕೇ. ಚಾರ್ಲ್ಸ್‌ಟನ್ ನಗರದ ಸರಕಾರಿ ಶಾಲೆಗಳಲ್ಲಿ ಆಗ ಕಪ್ಪು ಉಪಾಧ್ಯಾಯರನ್ನು ನೇಮಿಸುತ್ತಿರಲಿಲ್ಲ. ದ್ವೀಪದ ಶಾಲೆಯಲ್ಲಿ ಇಬ್ಬರು ಉಪಾಧ್ಯಾಯಿನಿಯರು, 132 ಮಕ್ಕಳು. ಸಂದು ಬಿಟ್ಟ ಹಲಗೆಯ ಗೋಡೆಗಳು. ಬೆಂಕಿಗೂಡಿನ ಮುಂದೆ ಕುಳಿತ ಮಕ್ಕಳು ಬೇಯುತ್ತಿದ್ದರೆ ಹಿಂದಿನ ಸಾಲಿನವರು ನಡುಗುತ್ತಿದ್ದರು. ಈಕೆಗೆ ತಿಂಗಳಿಗೆ 35 ಡಾಲರ್. ರಸ್ತೆಯ ಆಚೆಗಿನ ಬಿಳಿಯರ ಶಾಲೆಯಲ್ಲಿ ಮೂರು ಮಕ್ಕಳಿಗೆ ಒಬ್ಬ ಉಪಾಧ್ಯಾಯಿನಿ. ಸಂಬಳ ಇದರ ಎರಡು ಪಾಲಿಗೂ ಮಿಗಿಲು. ಪುಸ್ತಕಗಳಿಲ್ಲದುದರಿಂದ ಸೆಪ್ಟಿಮಾ, ಬಟ್ಟೆ ಒಗೆಯುವ ಅಂಗಡಿಯ ಕಾಗದದ ಚೀಲಗಳ ಮೇಲೆ ಮಕ್ಕಳು ಕಂಡುಂಡ ಸಂಗತಿಗಳನ್ನೇ ಬರೆದು ಓದಿಸಿದರು. ನಲವತ್ತು ವರ್ಷಗಳ ಅನಂತರ ಉಪಯೋಗಕ್ಕೆ ಬಂದ ವಿದ್ಯೆ ಇದೇ.

ಆ ನಲವತ್ತು ವರ್ಷಗಳನ್ನು ಇಲ್ಲಿ ವಿವರಿಸುವುದು ಬೇಡ. ಕಪ್ಪು ಉಪಾಧ್ಯಾಯರ ನೇಮಕಕ್ಕಾಗಿ ಮನೆಮನೆ ತಿರುಗಿ ಸಹಿ ಕೂಡಿಸಿದರು; ಸಮಾನ ಸಂಬಳದ ಮೊಕದ್ದಮೆಗಾಗಿ ದುಡಿದರು. 1956ರಲ್ಲಿ ಸಂಸ್ಥಾನದ ಶಾಸನಸಭೆ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ರಾಷ್ಟ್ರೀಯ ಸಂಘದ ಸದಸ್ಯರಾರೂ ಸರಕಾರಿ ನೌಕರಿಯಲ್ಲಿರಕೂಡದೆಂದು ಕಾಯಿದೆ ಮಾಡಿತು. ಸದಸ್ಯತ್ವವನ್ನು ಮುಚ್ಚಿಡಲು ಕ್ಲಾರ್ಕ್ ಒಪ್ಪಲಿಲ್ಲ. ಕೆಲಸ ಹೋಯಿತು, ಜೊತೆಗೆ ನಿವೃತ್ತಿ ವೇತನವೂ ಹೋಯಿತು. ಆಗ ಆಕೆಗೆ 58 ವರ್ಷ. ಒಟ್ಟಾಗಿ ಪ್ರತಿಭಟಿಸೋಣ ಬನ್ನಿರೆಂದು ಕಪ್ಪು ಉಪಾಧ್ಯಾಯರಿಗೆ 726 ಪತ್ರ ಬರೆದರು. ಉತ್ತರ ಬಂದದ್ದು 26 ಮಂದಿಯಿಂದ. ಅಧಿಕಾರಿಯ ಬಾಗಿಲ ತನಕ ಬಂದವರು ಐದೇ ಜನ. ಆಕೆಯ ಸಹೋದರೀ ಸಂಘದವರು ಕರೆದು ಸನ್ಮಾನ ಮಾಡಿದರಂತೆ. ಆದರೆ ಆಕೆಯ ಪಕ್ಕದಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ. ನಾನೂ ಉಪಾಧ್ಯಾಯ ವೃತ್ತಿಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವನು. ಆ 700 ಮಂದಿಯನ್ನು ಹೇಡಿಗಳೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ. ತಿಂಗಳ ಸಂಬಳ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲೇ ಧೈರ್ಯವೂ ಅಡವಾಗಿರುತ್ತದೆ. ಈ ಅನುಭವದಿಂದಲೇ ಕ್ಲಾರ್ಕ್ ಒಂದು ದೊಡ್ಡ ಉಪಾಯವನ್ನು ಕಂಡುಕೊಂಡರೆಂದು ನನಗೆ ತೋರುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಕೆಲಸ ಕಳೆದುಕೊಂಡ ಆಕೆಗೆ ಆಶ್ರಯ ಕೊಟ್ಟದ್ದು ಟೆನೆಸಿ ಸಂಸ್ಥಾನದ ಬೆಟ್ಟಗಳಲ್ಲಿದ್ದ ಹೈಲ್ಯಾಂಡರ್ ಜಾನಪದ ಶಾಲೆ. ಮೈಲ್ಸ್ ಹಾರ್ಟನ್ ಮತ್ತು ಡಾನ್ ವೆಸ್ಟ್ ಎಂಬ ತರುಣರು 1932ರಲ್ಲಿ ಆರಂಭಿಸಿದ ಈ ಶಾಲೆಯಲ್ಲಿ ಪರೀಕ್ಷೆಯಿಲ್ಲ, ಪದವಿಯಿಲ್ಲ. ಕರಿಯರು ಬಿಳಿಯರು ಒಂದೇ ಮೇಜಿನ ಸುತ್ತ ಉಂಡು ತಮ್ಮ ತಮ್ಮ ಊರಿನ ಕಷ್ಟಗಳನ್ನು ಚರ್ಚಿಸುತ್ತಿದ್ದರು. ಹಾರ್ಟನ್ ಇದರ ಮಾದರಿಯನ್ನು ಅರಸಿಕೊಂಡು ಡೆನ್ಮಾರ್ಕಿಗೆ ಹೋಗಿ ಅಲ್ಲಿನ ಜನತಾ ಶಾಲೆಗಳನ್ನು ನೋಡಿ ಬಂದಿದ್ದರು. ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯು ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ತೆರೆದಾಗ ಕಣ್ಣ ಮುಂದಿಟ್ಟುಕೊಂಡದ್ದೂ ಆ ಡೆನ್ಮಾರ್ಕಿನ ಶಾಲೆಗಳನ್ನೇ. ಕಪಿಲೆಯ ದಡದ ರೈತ ಯುವಕನಿಗೂ ಟೆನೆಸಿಯ ಬೆಟ್ಟದ ಕೂಲಿಗಾರನಿಗೂ ಹೀಗೆ ದೂರದ ನಂಟೊಂದಿತ್ತೆಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಂತಿಲ್ಲ. 1955ರ ಬೇಸಗೆಯಲ್ಲಿ ಇದೇ ಹೈಲ್ಯಾಂಡರಿನಲ್ಲಿ ಕ್ಲಾರ್ಕ್ ನಡೆಸಿದ ಗೋಷ್ಠಿಯೊಂದಕ್ಕೆ ಮಾಂಟ್ಗೊಮರಿ ಪಟ್ಟಣದಿಂದ ಬಂದಿದ್ದ ಮಿತಭಾಷಿಣಿಯಾದ ಒಬ್ಬ ಮಹಿಳೆ, ಆ ವರ್ಷದ ಡಿಸೆಂಬರಿನಲ್ಲಿ ಬಸ್ಸಿನ ಆಸನ ಬಿಟ್ಟೇಳಲು ಒಪ್ಪದೆ ಲೋಕಪ್ರಸಿದ್ಧರಾದರು. ರೋಸಾ ಪಾರ್ಕ್ಸ್ ಅವರನ್ನು ವಾಚಕರು ಬಲ್ಲರು.

ಜೆಂಕಿನ್ಸ್ ಆ ಮೊದಲೇ, 1954ರಲ್ಲಿ, ಹೈಲ್ಯಾಂಡರಿಗೆ ಹೋಗಿ ತನ್ನ ದ್ವೀಪದ ವಯಸ್ಕರಿಗೊಂದು ರಾತ್ರಿಶಾಲೆ ಬೇಕೆಂದು ಕೇಳಿದ್ದರು. ಹಣಕ್ಕಿಂತ ಮೊದಲು ಜಾಗದ ತೊಡಕು ಬಂತು. ಭಯದಿಂದ ಶಾಲೆಯವರು ಒಲ್ಲೆನೆಂದರು, ಚರ್ಚಿನವರೂ ಒಲ್ಲೆನೆಂದರು. ಕೊನೆಗೆ ಜೆಂಕಿನ್ಸ್ ಮತ್ತು ನೆರೆಹೊರೆಯವರು 1948ರಲ್ಲಿ ಕಟ್ಟಿಕೊಂಡಿದ್ದ ಪ್ರೊಗ್ರೆಸಿವ್ ಕ್ಲಬ್ಬು, ಹೈಲ್ಯಾಂಡರಿನಿಂದ ಸಾಲ ಪಡೆದು, ಪಾಳುಬಿದ್ದ ಹಳೆಯ ಶಾಲಾ ಕಟ್ಟಡವೊಂದನ್ನು ಕೊಂಡಿತು. ಮುಂದುಗಡೆ ಸಹಕಾರಿ ದಿನಸಿ ಅಂಗಡಿ. ಹಿಂದುಗಡೆ ಎರಡು ಕೋಣೆಗಳಲ್ಲಿ ಪಾಠ. ರಸ್ತೆಯಲ್ಲಿ ಹೋಗುವ ಬಿಳಿಯರಿಗೆ ಕಾಣುವುದು ಅಂಗಡಿ ಮಾತ್ರ. ಅಂಗಡಿಯ ವ್ಯಾಪಾರದಿಂದ ಸಾಲವೂ ತೀರಬೇಕು.

ಇನ್ನು ಉಪಾಧ್ಯಾಯರು ಯಾರು? ಇಲ್ಲಿಯೇ ನಾನು ಹೇಳಿದ ಉಪಾಯವಿರುವುದು. ತರಬೇತಾದ ಉಪಾಧ್ಯಾಯರು ಬೇಡವೇ ಬೇಡ ಎಂದು ನಿರ್ಧಾರವಾಯಿತು. ಸರಕಾರದ ಸಂಬಳ ತಿನ್ನುವವನ ಮೇಲೆ ಸರಕಾರದ ಬೆದರಿಕೆ ನಡೆಯುತ್ತದೆ. ಅದಲ್ಲದೆ, ಕಲಿತವನು ಎತ್ತರದ ಪೀಠದಿಂದ ಮಾತಾಡಿ ಬಂದವರನ್ನು ಓಡಿಸಿಬಿಡುತ್ತಾನೆ. ಕ್ಲಾರ್ಕ್, ಜೆಂಕಿನ್ಸ್, ಹಾರ್ಟನ್ ಮೂವರೂ ಸೇರಿ ಹಿಡಿದು ಕೂಡಿಸಿದ್ದು ಬರ್ನಿಸ್ ರಾಬಿನ್‌ಸನ್ ಎಂಬವರನ್ನು. ಕ್ಲಾರ್ಕರ ಬಂಧು. ವೃತ್ತಿಯಲ್ಲಿ ಹೆಂಗಸರ ತಲೆಗೂದಲು ಸಿಂಗರಿಸುವವರು, ಬಟ್ಟೆ ಹೊಲಿಯುವವರು. ನನಗೆ ಪಾಠ ಹೇಳಿ ಗೊತ್ತಿಲ್ಲ ಎಂದು ಆಕೆ ಎಷ್ಟು ಬೇಡಿಕೊಂಡರೂ ಬಿಡಲಿಲ್ಲ. ಗೊತ್ತಿಲ್ಲದಿರುವುದೇ ಆಕೆಯ ಅರ್ಹತೆಯಾಗಿತ್ತು. ಸಿಂಗಾರದ ಅಂಗಡಿಗೆ ಬರುವ ಗಿರಾಕಿಗಳೆಲ್ಲ ಕಪ್ಪು ಹೆಂಗಸರೇ ಆದುದರಿಂದ ಯಾವ ಬಿಳಿಯನೂ ಆಕೆಯ ಅನ್ನ ಕಸಿಯುವಂತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ತಾಸುಗಟ್ಟಲೆ ಕುಳಿತವರ ಸುಖದುಃಖವನ್ನು ಕೇಳಿಸಿಕೊಳ್ಳುವುದು ಆಕೆಗೆ ದಿನದ ಕೆಲಸವಾಗಿತ್ತು.

1957ರ ಜನವರಿ 7ರಂದು ಸಂಜೆ ಮೊದಲ ಪಾಠ. ಬಂದವರು 14 ಮಂದಿ. ಹೊಲದ ಕೆಲಸ ಕಡಿಮೆಯಾಗಿರುವ ಚಳಿಗಾಲದ ಎರಡು ಮೂರು ತಿಂಗಳು, ವಾರಕ್ಕೆ ಎರಡು ರಾತ್ರಿ, ಒಂದೊಂದು ರಾತ್ರಿ ಎರಡು ಗಂಟೆ ಎಂದು ಏರ್ಪಾಡಾಗಿತ್ತು. ರಾಬಿನ್‌ಸನ್ ಚಿಕ್ಕ ಮಕ್ಕಳ ಶಾಲೆಯ ಪಾಠಸಾಮಗ್ರಿಯನ್ನು ಎರವಲು ತಂದಿದ್ದರು. ಎದುರಿಗೆ ಕುಳಿತ ಮುಖಗಳನ್ನು ನೋಡಿದೊಡನೆಯೇ ಅದನ್ನು ಪಕ್ಕಕ್ಕಿಟ್ಟರು. ತಾನು ಉಪಾಧ್ಯಾಯಿನಿಯಲ್ಲ, ನಿಮ್ಮ ಜೊತೆಯಲ್ಲಿ ಕಲಿಯಬಂದವಳು ಎಂದು ಹೇಳಿ, ನಿಮಗೇನು ಬೇಕೆಂದು ಕೇಳಿದರು. ಒಬ್ಬರಿಗೆ ದೂರದೂರಿನ ಮಕ್ಕಳ ಕಾಗದ ಓದಬೇಕು. ಇನ್ನೊಬ್ಬರಿಗೆ ಬೈಬಲ್ ಓದಬೇಕು. ಮತ್ತೊಬ್ಬರಿಗೆ ಅಂಚೆಯ ಮೂಲಕ ಸಾಮಾನು ತರಿಸುವ ಕಾಗದವನ್ನೂ ಮನಿಯಾರ್ಡರನ್ನೂ ತುಂಬಬೇಕು. ತನ್ನ ಹೆಸರು ತಾನೇ ಬರೆಯಬೇಕೆಂಬುದು ಎಷ್ಟೋ ಜನರ ಆಸೆ. ಪಾಠಪಟ್ಟಿ ಸಿದ್ಧವಾಯಿತು.

ಇಲ್ಲಿ ನನ್ನದೊಂದು ಮಾತು. ನಾನು ಕೆಲವು ಕಾಲ ಹಳ್ಳಿಯೊಂದರ ರಾತ್ರಿಶಾಲೆಯಲ್ಲಿ ದೊಡ್ಡವರಿಗೆ ಪಾಠ ಹೇಳಿದ್ದುಂಟು. ನಮಗೆ ಮೇಲಿನವರು ಕಳಿಸಿಕೊಟ್ಟದ್ದು ಒಂದನೆಯ ತರಗತಿಯ ಪುಸ್ತಕಗಳ ಒಂದು ಕಟ್ಟು. ಐವತ್ತು ದಾಟಿದ ಗೌಡರೊಬ್ಬರು 'ಆ' ಎಂಬಲ್ಲಿ ಆನೆಯ ಚಿತ್ರವನ್ನು ಎರಡು ದಿನ ಸೈರಿಸಿಕೊಂಡು, ಮೂರನೆಯ ದಿನ ಪುಸ್ತಕ ಮುಚ್ಚಿ, "ಆನೆ ಕಂಡಿವ್ನಿ ಮೇಷ್ಟ್ರೇ, ಪಾಣಿ ಓದೋದು ಹೇಳ್ಕೊಡಿ" ಎಂದರು. ಹೊಲದ ಪಹಣಿಯಲ್ಲಿ ಯಾರ ಹೆಸರು ಕುಳಿತಿದೆಯೆಂಬುದು ಅವರ ಚಿಂತೆ. ರಾಬಿನ್‌ಸನ್ನರ ಮೊದಲ ರಾತ್ರಿಯ ವೃತ್ತಾಂತವನ್ನು ಓದುವಾಗಲೆಲ್ಲ ನನಗೆ ಆ ಗೌಡರ ದನಿ ಕೇಳಿಸುತ್ತದೆ.

ಅಕ್ಷರ ಕಲಿಸಿದ ರೀತಿಯಂತೂ ನಮಗೆ ತೀರ ಪರಿಚಿತವಾದದ್ದೇ. ಕ್ಲಾರ್ಕ್ ತಿಳಿಸಿಕೊಟ್ಟಂತೆ, ಕಲಿಯುವವರ ಹೆಸರನ್ನು ರಟ್ಟಿನ ಮೇಲೆ ಬರೆದುಕೊಟ್ಟು, ಅದರ ಮೇಲೆಯೇ ಮತ್ತೆ ಮತ್ತೆ ಪೆನ್ಸಿಲ್ ಆಡಿಸಿ ಕೈಗೆ ಅದರ ಜಾಡು ಹತ್ತುವಂತೆ ಮಾಡುತ್ತಿದ್ದರು. ನಮ್ಮ ಕೂಲಿಮಠದ ಅಯ್ಯನವರು ಮರಳ ಮೇಲೆ ಬೆರಳು ಹಿಡಿದು ತಿದ್ದಿಸುತ್ತಿದ್ದುದು ಇನ್ನೇನು? ಗುದ್ದಲಿ ಹಿಡಿದು ಬಿರುಸಾದ ಕೈಗೆ ಪೆನ್ಸಿಲನ್ನು ಎಷ್ಟು ಮೆಲ್ಲಗೆ ಹಿಡಿಯಬೇಕೆಂಬುದೇ ತಿಳಿಯದೆ, ಎಷ್ಟೋ ಪೆನ್ಸಿಲುಗಳು ಮುರಿಯುತ್ತಿದ್ದವಂತೆ. ಅರುವತ್ತೈದು ವರ್ಷದ ಒಬ್ಬ ಮುದುಕಿ ಕಪ್ಪುಹಲಗೆಯ ಮೇಲೆ ಹಲವು ಹೆಸರುಗಳ ನಡುವೆ ತನ್ನ ಹೆಸರನ್ನು ಗುರುತಿಸಿ, ರಾಬಿನ್‌ಸನ್ನರ ಕೈಯ ಕೋಲನ್ನು ತಾನೇ ತೆಗೆದುಕೊಂಡು, ಇದು ನನ್ನ ಹೆಸರು ಎಂದು ಒಂದೊಂದು ಅಕ್ಷರವನ್ನೂ ಮುಟ್ಟಿ ಹೇಳಿದಳು. ಮೈ ಜುಮ್ಮೆಂದ ಆ ಗಳಿಗೆಯನ್ನು ರಾಬಿನ್‌ಸನ್ ಎಷ್ಟೋ ವರ್ಷಗಳ ಬಳಿಕವೂ ನೆನೆಯುತ್ತಿದ್ದರು.

ಗೋಡೆಯ ಮೇಲೆ ಆಕೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ಅಂಟಿಸಿದ್ದರು. ಪಾಠ ಮುಗಿಯುವ ವೇಳೆಗೆ ಎಲ್ಲರೂ ಅದನ್ನು ಓದುವಂತಾಗಬೇಕೆಂದು ಅವರ ಆಸೆ. ದಿನಸಿ ಅಂಗಡಿಯ ಹಿಂದಿನ ಕೋಣೆಗೆ ಅದು ದೊಡ್ಡ ಮಾತೆಂದು ಯಾರಿಗಾದರೂ ತೋರೀತು. ಆದರೆ ಮತದಾರರ ಅರ್ಜಿಯ ಒಂದೊಂದು ಪದವನ್ನೂ ಬಿಡಿಸಿ, ಅದರ ಅರ್ಥವೇನು, ಅದು ನಿಮ್ಮ ರಸ್ತೆಗೆ ನಿಮ್ಮ ಮಕ್ಕಳ ಶಾಲೆಗೆ ಹೇಗೆ ಸಂಬಂಧಿಸಿದೆ ಎಂದು ಮಾತನಾಡುತ್ತಿದ್ದ ಆ ಮಂದಿಗೆ ಹಾಗೆ ತೋರಲಿಲ್ಲ. ಆ ಮೊದಲ ತಂಡದಲ್ಲಿ ಹಲವರು ಕಚೇರಿಗೆ ಹೋಗಿ, ಓದಿ, ಸಹಿ ಮಾಡಿ ಬಂದರು. ಮುಂದಿನ ಚಳಿಗಾಲಗಳಲ್ಲಿ ಪಕ್ಕದ ವಾಡ್ಮಲಾ, ಎಡಿಸ್ಟೊ ದ್ವೀಪಗಳವರೂ ತಮಗೊಂದು ಶಾಲೆ ಬೇಕೆಂದರು. ಅಲ್ಲಿಯೂ ಊರಿನವರೇ ಉಪಾಧ್ಯಾಯರು. ಇವುಗಳಿಗೆ 'ಪೌರತ್ವ ಶಾಲೆ' ಎಂದು ಹೆಸರಾಯಿತು.

ಹೈಲ್ಯಾಂಡರಿಗೆ ಇದರ ಬೆಲೆ ತೆರಬೇಕಾಯಿತು. 1959ರ ಜುಲೈಯಲ್ಲಿ ಪೋಲೀಸರು ನುಗ್ಗಿ, ಮದ್ಯವನ್ನು ಮುಟ್ಟದ ಕ್ಲಾರ್ಕರನ್ನು ಮದ್ಯದ ಆಪಾದನೆಯ ಮೇಲೆ ಹಿಡಿದೊಯ್ದರು. 1961ರಲ್ಲಿ ಸಂಸ್ಥಾನ ಆ ಶಾಲೆಯನ್ನು ಮುಚ್ಚಿಸಿತು. ಅಷ್ಟರಲ್ಲಿ ಪೌರತ್ವ ಶಾಲೆಗಳ ಹೊಣೆ ಮಾರ್ಟಿನ್ ಲೂಥರ್ ಕಿಂಗರ ಸಂಘಟನೆಗೆ ದಾಟಿತ್ತು. ಜಾರ್ಜಿಯಾ ಸಂಸ್ಥಾನದ ಡಾರ್ಚೆಸ್ಟರ್ ಕೇಂದ್ರದಲ್ಲಿ ಕ್ಲಾರ್ಕ್, ಡೊರೊತಿ ಕಾಟನ್, ಆಂಡ್ರೂ ಯಂಗ್ ಕೂಡಿ ತರಬೇತಿ ನಡೆಸಿದರು. ದಕ್ಷಿಣದ ಮೂಲೆಮೂಲೆಗಳಿಂದ ರೈತರು, ಮನೆಗೆಲಸದವರು, ಮುದುಕಿಯರು ಬಸ್ಸಿನಲ್ಲಿ ಬಂದು ಐದು ದಿನ ಇದ್ದು ಹೋಗುತ್ತಿದ್ದರು. ಬೇಕಾದ ಯೋಗ್ಯತೆ ಇಷ್ಟೇ: ಗಟ್ಟಿಯಾಗಿ ಓದಬಲ್ಲವರಾಗಿರಬೇಕು, ಹಲಗೆಯ ಮೇಲೆ ತಿಳಿಯಾಗಿ ಬರೆಯಬಲ್ಲವರಾಗಿರಬೇಕು, ನೆರೆಯವರು ನಂಬುವಂಥವರಾಗಿರಬೇಕು. ಊರಿಗೆ ಮರಳಿ ಅಡಿಗೆಮನೆಯಲ್ಲೋ ಮರದಡಿಯಲ್ಲೋ ಸಿಂಗಾರದ ಅಂಗಡಿಯಲ್ಲೋ ಪಾಠ ಹೂಡುತ್ತಿದ್ದರು. ಮಿಸಿಸಿಪಿಯ ಹತ್ತಿ ತೋಟದ ಫ್ಯಾನಿ ಲೂ ಹೇಮರ್ ಇಲ್ಲಿ ತರಬೇತಾದವರಲ್ಲಿ ಒಬ್ಬರು. 1957ರಿಂದ 1970ರವರೆಗೆ ಇಂಥ 897 ಶಾಲೆಗಳು ನಡೆದವೆಂದು ಕ್ಲಾರ್ಕ್ ತಮ್ಮ ನೆನಪಿನಲ್ಲಿ ಲೆಕ್ಕ ಕೊಟ್ಟಿದ್ದಾರೆ.

ಇತಿಹಾಸದ ಪುಸ್ತಕಗಳಲ್ಲಿ ಮೆರವಣಿಗೆಗಳಿಗೆ ದೊರೆತ ಪುಟಗಳ ಹತ್ತನೆಯ ಒಂದು ಪಾಲೂ ಈ ಕೋಣೆಗಳಿಗೆ ದೊರೆತಿಲ್ಲ. ಮೆರವಣಿಗೆಯನ್ನು ನಾನು ಹಗುರ ಮಾಡುತ್ತಿಲ್ಲ. ಪೋಲೀಸರ ನಾಯಿಗಳ ಮುಂದೆ ನಡೆದವರ ಧೈರ್ಯ ಸಾಮಾನ್ಯವಲ್ಲ. ಆದರೆ ಮೆರವಣಿಗೆ ಚದುರಿದ ಮರುದಿನ ಕಚೇರಿಯ ಮೆಟ್ಟಿಲು ಹತ್ತಿ ಅರ್ಜಿ ತುಂಬಿದ ಕೈ ಎಲ್ಲಿ ಪಳಗಿತೆಂದು ಕೇಳಬೇಡವೆ? ಕಿಂಗರ ಸಂಘಟನೆಯೊಳಗೇ ಈ ಕುರುಡು ಇತ್ತು. ಈ ಹೆಂಗಸು ಕಾರ್ಯಸಮಿತಿಯಲ್ಲಿ ಏಕೆ ಇದ್ದಾಳೆಂದು ರಾಲ್ಫ್ ಅಬರ್ನಾತಿ ಪದೇ ಪದೇ ಕೇಳುತ್ತಿದ್ದರೆಂದೂ, ಈ ಶಾಲೆಗಳ ಕಾರ್ಯಕ್ರಮವನ್ನು ರೂಪಿಸಿದವರು ಇವರೇ ಎಂದು ಕಿಂಗ್ ಪ್ರತಿಸಲವೂ ಉತ್ತರ ಹೇಳಬೇಕಾಗುತ್ತಿತ್ತೆಂದೂ ಕ್ಲಾರ್ಕ್ ಬರೆದಿದ್ದಾರೆ. ಎಲ್ಲ ಮೆರವಣಿಗೆಗಳನ್ನೂ ತಾವೇ ಮುನ್ನಡೆಸಬೇಡಿ, ಬೇರೆಯವರನ್ನು ನಾಯಕರನ್ನಾಗಿ ತಯಾರು ಮಾಡಿ ಎಂದು ಆಕೆ ಕಿಂಗರಿಗೆ ಒಂದು ಕಾಗದ ಬರೆದರು. ಅವರು ಅದನ್ನು ತಮ್ಮವರ ಮುಂದೆ ಓದಿದಾಗ ಎಲ್ಲರೂ ನಕ್ಕರಂತೆ. ಕಿಂಗರ ಮೇಲೆ ಅಪಾರ ಗೌರವವಿದ್ದ ಹೆಂಗಸು ಕಹಿಯಿಲ್ಲದೆ, ಆದರೆ ಮರೆಯದೆ, ಬರೆದಿಟ್ಟ ಸಂಗತಿ ಇದು. ಆ ನಗೆ ನನಗೇಕೋ ಸಹ್ಯವಾಗುವುದಿಲ್ಲ.

1965ರ ಮತಾಧಿಕಾರ ಕಾಯಿದೆ ಬಂದು ಓದುಬರಹದ ಪರೀಕ್ಷೆಯನ್ನು ತೊಡೆದುಹಾಕಿತು. ಬಾಗಿಲು ತೆರೆದ ಮೇಲೆ ಬೀಗದ ಕೈ ಯಾರಿಗೆ ಬೇಕು ಎಂದು ಯಾರಾದರೂ ಕೇಳಬಹುದಿತ್ತು. ದ್ವೀಪದವರು ಕೇಳಲಿಲ್ಲ. ಕೂಡಿ ಕುಳಿತು ಮಾತನಾಡುವುದನ್ನು ಕಲಿತವರು ಮುಂದಿನ ಕೆಲಸಕ್ಕೆ ಕೈ ಹಾಕಿದರು. ಬ್ಯಾಂಕಿನಲ್ಲಿ ಸಾಲ ಹುಟ್ಟದ ತಮ್ಮ ಜನರಿಗಾಗಿ ಜೆಂಕಿನ್ಸ್ ಮತ್ತು ಸಂಗಡಿಗರು 1966ರಲ್ಲಿ ಒಂದು ಸಹಕಾರಿ ಪತ್ತಿನ ಸಂಘವನ್ನು ತೆರೆದರು. ಜೆಂಕಿನ್ಸ್ 1972ರಲ್ಲಿ ತೀರಿಕೊಂಡರು. ಅವರ ವಾಹನವೊಂದರ ಹಿಂಬಾಗಿಲು ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಪ್ರೀತಿಯೇ ಪ್ರಗತಿ, ದ್ವೇಷ ಬಲು ದುಬಾರಿ ಎಂದು ಅದರ ಮೇಲೆ ಬರೆಸಿದ್ದರು. ಗ್ರೀಕ್ ಕಲಿತು ತರಕಾರಿ ಮಾರಿದವರಲ್ಲವೆ, ದ್ವೇಷವನ್ನೂ ಲಾಭನಷ್ಟದ ಲೆಕ್ಕದಲ್ಲಿಯೇ ತೂಗಿದರು. ಬರ್ನಿಸ್ ರಾಬಿನ್‌ಸನ್ ಅದೇ 1972ರಲ್ಲಿ ಸಂಸ್ಥಾನದ ಶಾಸನಸಭೆಗೆ ಸ್ಪರ್ಧಿಸಿ ಸೋತರು.

ಸೆಪ್ಟಿಮಾ ಕ್ಲಾರ್ಕ್ 1975ರಲ್ಲಿ ಚಾರ್ಲ್ಸ್‌ಟನ್ನಿನ ಶಾಲಾ ಮಂಡಳಿಯ ಚುನಾವಣೆಗೆ ನಿಂತು ಗೆದ್ದರು. ಹತ್ತೊಂಬತ್ತು ವರ್ಷಗಳ ಹಿಂದೆ ಆಕೆಯನ್ನು ಮನೆಗೆ ಕಳಿಸಿದ್ದು ಆ ಊರಿನ ಶಾಲಾ ಆಡಳಿತವೇ. ಮರುವರ್ಷ ಸಂಸ್ಥಾನ ಸರಕಾರ ಆಕೆಯ ನಿವೃತ್ತಿ ವೇತನವನ್ನು ಮರಳಿ ಕೊಡಲು ಒಪ್ಪಿತು. ಆಗ ಆಕೆಗೆ ಎಪ್ಪತ್ತೆಂಟು ವರ್ಷ.